ಬದರೀನಾಥರ ದನಿಯಿದ್ದ ಸೀಡಿಗಳು

ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧಕ್ಕೆ ಬಂದು ಕೂತುಬಿಟ್ಟಿತ್ತು. ಬೆಳಗಿನ ಕಾಫಿ ಕುಡಿಯುವಾಗ ಎಲ್ಲಿತ್ತೋ, ತಿಂಡಿಯ ತಟ್ಟೆ ತೊಳೆದಿಟ್ಟ ಮೇಲೂ ಅಲ್ಲೇ ಇತ್ತು. ಬದರೀನಾಥರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು, ತಪ್ಪು ಕನ್ನಡಕದ್ದೇ ಇರಬಹುದೇನೋ ಎಂಬಂತೆ. ಪಟ್ಟಿ ಕದಲಲಿಲ್ಲ. ಮೇಜಿನ ಮೇಲಿದ್ದ ಸೀಡಿ ಡ್ರೈವ್ ಮಾತ್ರ ರೊಯ್ಯನೆ ಏರಿ, ಗರಗರ ಎಂದು, ಸುಸ್ತಾಗಿ ಇಳಿದು, ಮತ್ತೆ ರೊಯ್ಯನೆ ಏರುತ್ತಿತ್ತು.

ಸಂಜೆ ಯಶವಂತಪುರದಿಂದ ಹೊರಡುವ ರೈಲಿನಲ್ಲಿ ಪದ್ಮಶ್ರೀ ಧಾರವಾಡಕ್ಕೆ ಹೋಗಬೇಕಿತ್ತು. ಮರುದಿನ ಅವಳಿಗೆ ಕಾಲೇಜು ಉಪನ್ಯಾಸಕರ ನೇಮಕಾತಿ ಪರೀಕ್ಷೆ. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ. ಅವಳು ಶೆಟ್ಟಿಹಳ್ಳಿಯ ಪಿಳ್ಳಪ್ಪನವರ ಮಗಳು, ಹುಟ್ಟಿನಿಂದಲೇ ಕಣ್ಣು ಕಾಣದವಳು, ಕನ್ನಡ ಎಂ.ಎ. ಮಾಡಿದವಳು. ಈಗಿನ ಫೋನುಗಳು ಪುಸ್ತಕವನ್ನು ಓದಿ ಹೇಳುತ್ತವೆ, ನಿಜ. ಆದರೆ ಛಂದಸ್ಸಿನ ಪುಸ್ತಕ ತೋರಿಸಿದರೆ ಫೋನಿಗೆ ತಲೆ ಕೆಡುತ್ತದೆ. ಅಕ್ಷರದ ಮೇಲಿನ ಲಘು ಗುರುಗಳ ಗುರುತು ಅದಕ್ಕೆ ಕಸದಂತೆ ಕಾಣುತ್ತದೆ. ಅವಳಿಗೆ ಬೇಕಾಗಿದ್ದ ಹಳೆಯ ಪಠ್ಯವಂತೂ ಅಂಗಡಿಯಲ್ಲೂ ಇರಲಿಲ್ಲ, ಗ್ರಂಥಾಲಯದಲ್ಲೂ ಉಳಿದಿರಲಿಲ್ಲ. ಅದು ಉಳಿದಿದ್ದುದು ಆರ್.ಟಿ. ನಗರದ ಈ ಮನೆಯ ಒಂದು ಬಿಸ್ಕತ್ತಿನ ಡಬ್ಬದಲ್ಲಿ, ಸೀಡಿಗಳ ಮೇಲೆ, ಬದರೀನಾಥರ ದನಿಯಲ್ಲಿ. ಅವಳ ಬಳಿ ಇದ್ದ ಪ್ರತಿಗಳು ಪಿಳ್ಳಪ್ಪನವರು ಹಳೆಯ ಮನೆ ಒಡೆಸಿ ಬಾಡಿಗೆ ಮನೆಗಳನ್ನು ಕಟ್ಟಿಸುವಾಗ ಸಿಮೆಂಟಿನ ಧೂಳು ತಿಂದು ಹಾಳಾಗಿದ್ದವು. ಸೀಡಿಗಳನ್ನು ಕಂಪ್ಯೂಟರಿಗೆ ಇಳಿಸಿ ಫೋನಿಗೆ ಹಾಕಿಕೊಟ್ಟರೆ ರೈಲಿನಲ್ಲಿ ಕೇಳಿಕೊಂಡು ಹೋಗುತ್ತೇನೆ ಎಂದು ಬದರೀನಾಥರ ಹೆಂಡತಿ ಜಯಾ ಅವರಿಗೆ ಫೋನ್ ಮಾಡಿ ಕೇಳಿದ್ದಳು. ಅದೇನು ಮಹಾ, ಒಂದು ಬೆಳಗಿನ ಕೆಲಸ ಎಂದು ಬದರೀನಾಥರು ಹೆಂಡತಿಗೆ ಸನ್ನೆ ಮಾಡಿ ಹೂಂ ಅನಿಸಿದ್ದರು.

ಬದರೀನಾಥರದು ದೊಡ್ಡ ಬದುಕೇನಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ವಾರವಿಡೀ ಕೆಚ್ಚಲು ಬಾವಿನ ಫೈಲುಗಳಲ್ಲಿ ಮುಳುಗಿ, ಭಾನುವಾರ ಬಂದರೆ ಅಂಧ ವಿದ್ಯಾರ್ಥಿಗಳ ಹಾಸ್ಟೆಲಿಗೆ ಹೋಗಿ ಪಠ್ಯ ಓದಿ ಹೇಳುತ್ತಿದ್ದರು. ಮಕ್ಕಳು ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೇಳಿದ್ದರಿಂದ ಧ್ವನಿಮುದ್ರಣಕ್ಕೆ ಕೈ ಹಾಕಿದರು. ಮೊದಲು ಕ್ಯಾಸೆಟ್ಟು, ಆಮೇಲೆ ಸೀಡಿ. ಮಲಗುವ ಕೋಣೆಯ ಕಿಟಕಿಗೆ ರಜಾಯಿ ತೂಗುಹಾಕಿ, ಫ್ಯಾನ್ ಆರಿಸಿ, ಬೆವರು ಸುರಿಸಿಕೊಂಡು ಓದುತ್ತಿದ್ದರು. ಅಷ್ಟು ಹೊತ್ತೂ ಜಯಾ ಮಿಕ್ಸಿ ಹಾಕುವಂತಿಲ್ಲ, ಒಗ್ಗರಣೆ ಚಟಪಟ ಅನ್ನುವಂತಿಲ್ಲ. ಒಮ್ಮೆ ಕುಕ್ಕರ್ ಕೂಗಿದ್ದು ರಾಷ್ಟ್ರಕೂಟರ ಇತಿಹಾಸದ ನಡುವೆ ಸೇರಿಹೋಯಿತು. ಆ ಪಾಠ ಬಂದಾಗಲೆಲ್ಲ ಹಾಸ್ಟೆಲಿನಲ್ಲಿ ಎಲ್ಲರಿಗೂ ಹಸಿವಾಗುತ್ತದೆ ಎಂದು ಮಕ್ಕಳು ಹೇಳಿದಾಗ ಮನುಷ್ಯ ಒಂದು ವಾರ ಹೆಂಡತಿಯ ಮೇಲೆ ಸಿಡುಕಿದ್ದರು.

ಹೌದು, ತಮ್ಮ ದನಿಯ ಮೇಲೆ ಅವರಿಗೆ ಇನ್ನಿಲ್ಲದ ಮಮಕಾರ. ಬೇರೆ ಯಾವುದರಲ್ಲೂ ಅವರು ಹೆಮ್ಮೆಪಟ್ಟವರಲ್ಲ. ಆದರೆ ದೂರದ ಊರಿನಿಂದ ಯಾರಾದರೂ ಫೋನ್ ಮಾಡಿ, ಸರ್, ನಿಮ್ಮ ದನಿ ಕೇಳಿಯೇ ನಾನು ಪಿಯುಸಿ ಪಾಸಾದೆ ಎಂದರೆ, ಆ ದಿನ ಊಟಕ್ಕೆ ಎರಡು ಸೌಟು ಹೆಚ್ಚೇ ಸೇರುತ್ತಿತ್ತು. ಆ ದನಿ ಮೂರು ವರ್ಷದ ಹಿಂದೆ ಹೋಯಿತು. ಗಂಟಲಲ್ಲಿ ಎದ್ದ ಗಡ್ಡೆ ದನಿಯ ನರಕ್ಕೇ ಸುತ್ತಿಕೊಂಡಿತ್ತು. ಗಡ್ಡೆಯ ಜೊತೆ ನರವನ್ನೂ ಕೊಡಬೇಕಾಯಿತು. ಉಳಿದದ್ದು ಒಡೆದ ಕೊಳವೆಯಲ್ಲಿ ಗಾಳಿ ನುಗ್ಗಿದಂಥ ಒಂದು ಸದ್ದು. ಅದನ್ನು ಜಯಾ ಬಿಟ್ಟರೆ ಇನ್ನೊಬ್ಬರು ಕೇಳಿರಲಿಲ್ಲ. ತರಕಾರಿ ಗಾಡಿಯವನಿಗೂ ಬೆರಳಲ್ಲೇ ವ್ಯಾಪಾರ. ಫೋನ್ ಬಂದರೆ ಜಯಾ ತೆಗೆದುಕೊಂಡು, ಅವರಿಗೆ ನೆಗಡಿ ಎನ್ನಬೇಕು. ಪದ್ಮಶ್ರೀಗೂ ಅದೇ ಉತ್ತರ. ಅಷ್ಟು ದೀರ್ಘವಾದ ನೆಗಡಿಯನ್ನು ಬೆಂಗಳೂರು ಕಂಡಿರಲಿಲ್ಲ. ತರಕಾರಿಯವನೂ ನೆರೆಹೊರೆಯವರೂ ಅವರ ಮುಖ ಕಂಡವರು. ಅವರ ಪಾಠಗಳನ್ನು ಕೇಳಿಯೇ ಓದಿದ ಪದ್ಮಶ್ರೀಗೆ ಬದರೀನಾಥ ಎಂದರೆ ದನಿಯೇ. ಅದಿಲ್ಲದ ಮೇಲೆ ಅವಳ ಮುಂದೆ ತಾವು ಏನೂ ಅಲ್ಲ ಎಂದುಕೊಂಡಿದ್ದರು. ಫೋನಿಗೆ ಪಾಠ ತುಂಬಿ, ಕೈಯಲ್ಲಿಟ್ಟು, ಬಾಯಿ ಬಿಡದೆ ಕಳಿಸಿಬಿಡಬೇಕು ಎಂದು ನಿಶ್ಚಯಿಸಿದ್ದರು.

ಆದರೆ ಪಟ್ಟಿ ಕದಲಬೇಕಲ್ಲ. ಪ್ರತಿ ಸೀಡಿಯೂ ಮೊದಲು ಸರಸರನೆ ಓಡಿ, ಅರ್ಧ ದಾರಿಯಲ್ಲಿ ತೆವಳತೊಡಗುತ್ತಿತ್ತು. ಬದರೀನಾಥರು ಡ್ರೈವಿನ ಕೇಬಲ್ ಬದಲಿಸಿದರು. ಕಂಪ್ಯೂಟರಿನ ಮುಂದಿನ ತೂತಿನಿಂದ ಕಿತ್ತು ಹಿಂದಿನ ತೂತಿಗೆ ಚುಚ್ಚಿದರು. ವೈರಸ್ ಕಾಯುವ ತಂತ್ರಾಂಶವನ್ನು ನಿಲ್ಲಿಸಿ ನೋಡಿದರು. ಬೇರೊಂದು ತಂತ್ರಾಂಶ ಹಾಕಿದರು. ಕಂಪ್ಯೂಟರನ್ನೇ ಆರಿಸಿ, ದೇವರನ್ನು ನೆನೆದು, ಮತ್ತೆ ಹಚ್ಚಿದರು. ಊಟದ ಹೊತ್ತಿಗೆ ಒಂದೇ ಒಂದು ಸೀಡಿಯೂ ಪೂರ್ತಿ ಇಳಿದಿರಲಿಲ್ಲ, ಅವರ ತಾಳ್ಮೆ ಮಾತ್ರ ಪೂರ್ತಿ ಇಳಿದಿತ್ತು.

ಒಂದು ಸೀಡಿಯನ್ನು ಬೆಳಕಿಗೆ ಹಿಡಿದಾಗ ಸಣ್ಣ ಗೀರುಗಳು ಕಂಡವು. ಅಲ್ಲಿಗೆ ಅಪರಾಧಿ ಸಿಕ್ಕಿದಂತಾಯಿತು. ಕೆಲಸ ಕೆಟ್ಟಾಗ ಹತ್ತಿರದಲ್ಲಿರುವ ಹೆಂಡತಿಯಷ್ಟು ಸುಲಭವಾಗಿ ಸಿಗುವ ಅಪರಾಧಿ ಗಂಡಸರಿಗೆ ಬೇರೆ ಯಾರಿದ್ದಾರೆ? ಅಡುಗೆಮನೆಯ ಬಾಗಿಲಿಗೆ ಹೋಗಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ, ನೀನೇ ಇವನ್ನು ಸೆರಗಲ್ಲಿ ಒರೆಸಿ ಹಾಳು ಮಾಡಿದ್ದು ಎಂದರು. ಕೂಗಲಾರದ ಸಿಟ್ಟು ಕೂಗುವ ಸಿಟ್ಟಿಗಿಂತ ಕೆಟ್ಟದ್ದು, ಮುಖವೆಲ್ಲ ಕೆಂಪಾಗಿತ್ತು. ಜಯಾ ಸೌಟು ಕೆಳಗಿಟ್ಟರು. ಆ ಡಬ್ಬವನ್ನು ತಾನು ಮುಟ್ಟಿ ಎಷ್ಟು ಕಾಲವಾಯಿತೋ ನೆನಪಿಲ್ಲ ಎಂದಷ್ಟೇ ಹೇಳಿ, ಮುಖ್ಯರಸ್ತೆಯ ಕಂಪ್ಯೂಟರ್ ಅಂಗಡಿಯಿಂದ ಬೇರೆ ಡ್ರೈವ್ ಕೇಳಿ ತರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟರು. ಅವರ ಕಣ್ಣಲ್ಲಿ ನೀರಿತ್ತು. ಬದರೀನಾಥರು ಅದನ್ನು ನೋಡಿದರು, ನೋಡದವರಂತೆ ಕಂಪ್ಯೂಟರಿನ ಕಡೆ ತಿರುಗಿದರು.

ಜಯಾ ಗೇಟು ದಾಟಿ ಸ್ವಲ್ಪ ಹೊತ್ತಿಗೇ ಕಾರು ಬಂದು ನಿಂತಿತು. ಇನ್ನೂ ಬಿಸಿಲಿರುವಾಗಲೇ ಪಿಳ್ಳಪ್ಪ ಮಗಳನ್ನು ಕರೆದುಕೊಂಡು ಬಂದುಬಿಟ್ಟಿದ್ದರು. ಬದರೀನಾಥರು ಜಯಾ ಇನ್ನೂ ರಸ್ತೆಯಲ್ಲಿ ಕಾಣುತ್ತಾರೇನೋ ಎಂದು ಇಣುಕಿದರು. ನಡುವೆ ನಿಂತು ಮಾತಾಡಬೇಕಾದ ಹೆಂಡತಿಯನ್ನು ತಾವೇ ಆಚೆ ಅಟ್ಟಿದ್ದರು.

“ಮೇಕ್ರಿ ಸರ್ಕಲ್ನಾಗೆ ಸಿಕ್ಕಾಕ್ಕೊಂಡ್ರೆ ರೈಲು ಓದಂಗೇಯ ಸಾರ್. ಅದ್ಕೇ ಬಿರ್ರನೆ ಬಂದ್ವಿ. ಆಗೈತಾ ಕೆಲ್ಸ?” ಎಂದರು ಪಿಳ್ಳಪ್ಪ.

ಬದರೀನಾಥರು ಗಂಟಲು ಮುಟ್ಟಿ ತೋರಿಸಿ, ಕೈಯಾಡಿಸಿದರು. ಸಾರ್‌ಗೆ ಇನ್ನೂ ಗಂಟಲು ಸರಿಹೋಗಿಲ್ಲ ಎಂದು ಪಿಳ್ಳಪ್ಪ ಮಗಳಿಗೆ ತಿಳಿಸಿ, ಅವಳನ್ನು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಯಾರದೋ ಗೇಟಿಗೆ ಅಡ್ಡ ನಿಲ್ಲಿಸಿದ್ದ ಕಾರಿನ ಚಿಂತೆಯಲ್ಲಿ ಕೆಳಗಿಳಿದು ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಒಬ್ಬರಿಗೆ ಮಾತಿಲ್ಲ, ಇನ್ನೊಬ್ಬಳಿಗೆ ಸನ್ನೆ ಕಾಣದು. ಪದ್ಮಶ್ರೀ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ನೋವಿದ್ದರೆ ಮಾತಾಡಬೇಡಿ ಸರ್, ನಾನು ಸುಮ್ಮನೆ ಕೂತಿರುತ್ತೇನೆ ಎಂದಳು. ಅವರಿಗೆ ಹೋದ ಜೀವ ಬಂದಂತಾಯಿತು, ಅದರ ಬೆನ್ನಿಗೇ ನಾಚಿಕೆಯಾಯಿತು. ಡ್ರೈವ್ ಏರಿತು, ಗರಗರ ಎಂದಿತು, ಇಳಿಯಿತು. ಮತ್ತೆ ಏರಿತು. ಪದ್ಮಶ್ರೀ ತಲೆಯನ್ನು ಸ್ವಲ್ಪ ವಾಲಿಸಿ ಕೇಳುತ್ತಿದ್ದಳು. ಅವಳ ಹುಬ್ಬುಗಳು ಹತ್ತಿರವಾದವು.

“ಸರ್, ಇದು ಒಂದೇ ಜಾಗದಲ್ಲಿ ಎಡವ್ತಾ ಇದೆ. ಮಷೀನ್ ಕೆಟ್ಟಿದ್ರೆ ಎಲ್ಲಿ ಬೇಕಾದ್ರೂ ನಿಲ್ತಿತ್ತು. ಆ ಸೀಡಿ ಸ್ವಲ್ಪ ಕೊಡ್ತೀರಾ?”

ಬದರೀನಾಥರು ಸೀಡಿಯನ್ನು ಹೊರತೆಗೆದು ಅವಳ ಕೈಗಿಟ್ಟರು. ಅವಳು ಅಂಚಿನಲ್ಲಿ ಹಿಡಿದು, ಹೊಳೆಯುವ ಮೈಯ ಮೇಲೆ ಬೆರಳ ತುದಿಯನ್ನು ತಾಗಿಯೂ ತಾಗದಂತೆ ಸರಿಸಿದಳು. ನಡುದಾರಿಯಲ್ಲಿ ಬೆರಳು ನಿಂತಿತು. ಮೂಗಿನ ಹತ್ತಿರ ಹಿಡಿದಳು.

“ಏನೋ ಒಣಗಿ ಅಂಟಿದೆ ಸರ್. ಗಂಧ ಅನ್ಸುತ್ತೆ.”

ಬದರೀನಾಥರು ಕಿವಿಯವರೆಗೂ ಬಿಸಿಯಾದರು. ಗಂಧವೇ. ಬೇರೆ ಯಾರ ಕೈಯೂ ಅಲ್ಲ, ಅವರದೇ ಕೈ. ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕಗಳ ಜೊತೆ ಸೀಡಿಗಳನ್ನೂ ಸಾಲಾಗಿಟ್ಟು ಒಂದೊಂದಕ್ಕೂ ಗಂಧದ ಬೊಟ್ಟಿಡುವುದು ಅವರ ಪದ್ಧತಿ. ಒಂದು ಮೈಯಲ್ಲಿ ಪಾಠದ ಹೆಸರನ್ನು ಮಸಿಯಲ್ಲಿ ಬರೆದಿದ್ದರು, ಗಂಧ ತಾಗಿದರೆ ಅಕ್ಷರ ಕದಡುತ್ತದೆ. ಅದಕ್ಕೇ ಕನ್ನಡಿಯಂತೆ ಹೊಳೆಯುವ ಮೈಗೆ ಇಡುತ್ತಿದ್ದರು. ದೇವಿ ಕುಳಿತಿರುವ ಕಡೆ ಅದೇ ಎಂಬ ಭಾವನೆಯೂ ಇತ್ತೆನ್ನಿ. ಪಾಠ ಕುಳಿತಿದ್ದುದೂ ಅಲ್ಲೇ, ಡ್ರೈವ್ ಓದುತ್ತಿದ್ದುದೂ ಅಲ್ಲೇ ಎಂಬುದು ಆಗ ಹೊಳೆಯಲಿಲ್ಲ. ಹಿಂದೆಲ್ಲ ಪೂಜೆ ಮುಗಿದ ಮರುದಿನ ಪಂಚೆಯ ಚುಂಗಿನಲ್ಲಿ ಗರಗರ ತಿರುಗಿಸಿ ಒರೆಸಿಡುತ್ತಿದ್ದರು. ಗೀರುಗಳು ಬಿದ್ದದ್ದು ಹಾಗೆ. ದನಿ ಹೋದ ಮೇಲೂ ಪೂಜೆ ನಿಲ್ಲಿಸಲಿಲ್ಲ. ಒರೆಸುವುದನ್ನು ನಿಲ್ಲಿಸಿದರು. ಕಾಣದವರ ಪಾಲಿಗೆ ಇನ್ನು ಯಾರು ಓದುತ್ತಾರೆ ಎಂಬ ದುಃಖದಲ್ಲಿ ಡಬ್ಬ ಮುಚ್ಚಿಬಿಡುತ್ತಿದ್ದರು. ಒಣಗಿದ ಗಂಧ ಉದುರಿ, ಹುಡುಕಿದರಷ್ಟೇ ಕಣ್ಣಿಗೆ ಬೀಳುವಷ್ಟು ತೆಳ್ಳಗೆ ಪೊರೆಯಾಗಿ ಉಳಿದಿತ್ತು.

ಜಯಾ ಬೇರೆ ಡ್ರೈವ್ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದರು. ಬದರೀನಾಥರು ಸೀಡಿಯ ಮೇಲಿನ ಬೊಟ್ಟನ್ನು ತೋರಿಸಿ, ಅದೇ ಬೆರಳನ್ನು ತಮ್ಮ ಎದೆಗೆ ತಿರುಗಿಸಿದರು. ಜಯಾ ಬೊಟ್ಟನ್ನು ನೋಡಿದರು, ಗಂಡನನ್ನು ನೋಡಿದರು. ತಂದ ಡ್ರೈವನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಮೇಜಿನ ಮೇಲಿಟ್ಟರು. ಒಳಗೆ ಹೋಗಿ ಒಂದು ಬಟ್ಟಲು ನೀರು ತಂದರು.

“ಹತ್ತಿ ಸಿಕ್ತಿಲ್ಲ. ಸೆರಗಲ್ಲೇ ಒರೆಸ್ಲಾ?” ಎಂದರು.

ಬದರೀನಾಥರು ತಲೆ ತಗ್ಗಿಸಿದರು. ಹತ್ತಿ ಜಯಾ ಅವರ ಕೈಯಲ್ಲೇ ಇತ್ತು. ಇಬ್ಬರೂ ಕೂತು ಒಂದೊಂದೇ ಸೀಡಿಯನ್ನು ಒದ್ದೆ ಹತ್ತಿಯಿಂದ ನೆನೆಸಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದರು. ಮೊದಲ ಸೀಡಿ ಓಡಿತು. ಎರಡನೆಯದೂ ಓಡಿತು. ಷಟ್ಪದಿಗಳ ಪಾಠ ಪೂರ್ತಿ ಇಳಿಯಿತು. ಕೋಣೆಯಲ್ಲಿ ಎಲ್ಲರ ಉಸಿರೂ ಸಡಿಲವಾಯಿತು. ಅಷ್ಟರಲ್ಲಿ ಕೊನೆಯ ಸೀಡಿ ಮತ್ತೆ ಅದೇ ಆಟ ಹೂಡಿತು. ಅದು ಅಂಶಗಣದ ಪಾಠ. ಪದ್ಮಶ್ರೀ ಹೆದರುತ್ತಿದ್ದುದೇ ಆ ಪಾಠಕ್ಕೆ. ಎಷ್ಟು ಒರೆಸಿದರೂ ಹಳೆಯ ಗೀರುಗಳು ಹೋಗುವವಲ್ಲ. ಜಯಾ ತಂದಿದ್ದ ಡ್ರೈವೂ ಅಲ್ಲಿಗೆ ಬಂದು ಮುಗ್ಗರಿಸಿತು. ಪಟ್ಟಿ ನಿಂತಿತು. ಕೆಳಗಿನಿಂದ ಹಾರ್ನ್ ಕೇಳಿಸಿತು. ಗೋಡೆಯ ಮೇಲಿನ ಬಿಸಿಲು ಹಳದಿಯಾಗತೊಡಗಿತ್ತು.

ಪರದೆಯ ಮೇಲೆ ಏನೇನು ಬರೆದಿದೆ ಓದಿ ಹೇಳಿ ಎಂದು ಪದ್ಮಶ್ರೀ ಜಯಾ ಅವರನ್ನು ಕೇಳಿದಳು. ಜಯಾ ತಡವರಿಸುತ್ತ ಓದಿದರು. ತಪ್ಪು ತಿದ್ದುವ ಆಯ್ಕೆಯೊಂದಿತ್ತು, ಅದರ ಮುಂದೆ ಗುರುತು ಹಾಕಿತ್ತು. ಒಂದೊಂದು ಚೂರನ್ನೂ ಎರಡೆರಡು ಸಲ ಓದಿ, ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದುವ ಏರ್ಪಾಟು ಅದು.

“ಅದನ್ನ ತೆಗೆದ್ಬಿಡಿ ಸರ್. ನಡುವೆ ಟಿಕ್ ಟಿಕ್ ಅಂದ್ರೆ ಅನ್ಲಿ. ನಂಗೆ ಪಾಠ ಬೇಕು ಅಷ್ಟೆ.”

ಬದರೀನಾಥರ ಕೈ ಮೌಸಿನ ಮೇಲೆ ಹಾಗೇ ಉಳಿಯಿತು. ಆ ಗುರುತನ್ನು ಬೆಳಿಗ್ಗೆ ತಾವೇ ಹಾಕಿದ್ದರು. ಪದ್ಮಶ್ರೀಗಾಗಿ ಹಾಕಿದ್ದಲ್ಲ, ತಮಗಾಗಿ. ಆ ದನಿಯಲ್ಲಿ ಇನ್ನೊಂದು ವಾಕ್ಯ ಎಂದೂ ಹುಟ್ಟುವುದಿಲ್ಲ, ಇರುವುದಾದರೂ ಒಂದು ಕಲೆಯಿಲ್ಲದೆ ಉಳಿಯಲಿ ಎಂಬ ಆಸೆ. ಬೆಳಗಿನಿಂದ ಕೇಬಲ್ಲನ್ನು ಬೈದು, ಡ್ರೈವನ್ನು ಬೈದು, ಹೆಂಡತಿಯನ್ನು ಬೈದು, ಈ ಒಂದು ಗುರುತನ್ನು ಮಾತ್ರ ಅವರು ಮುಟ್ಟಿರಲಿಲ್ಲ. ಮತ್ತೊಮ್ಮೆ ಹಾರ್ನ್ ಆಯಿತು. ಅವರು ಗುರುತು ತೆಗೆದರು. ಪಟ್ಟಿ ಒಂದು ಸಲ ನಡುಗಿ, ಸರಸರ ಓಡಿ ಕೊನೆ ಮುಟ್ಟಿತು.

ಪಾಠಗಳೆಲ್ಲ ಫೋನಿಗೆ ಹೋದವು. ಹೊರಡುವ ಮುನ್ನ ಕೊನೆಯದನ್ನು ಸ್ವಲ್ಪ ಕೇಳಿ ನೋಡುತ್ತೇನೆ ಎಂದು ಪದ್ಮಶ್ರೀ ಫೋನ್ ಹಚ್ಚಿದಳು. ಕೋಣೆಯ ತುಂಬ ಬದರೀನಾಥರ ದನಿ ಎದ್ದು ನಿಂತಿತು. ತುಂಬಿದ, ದುಂಡಗಿನ, ಒಂದೊಂದು ಅಕ್ಷರಕ್ಕೂ ಜಾಗ ಬಿಡುವ ದನಿ. ಮೂರು ವರ್ಷದಲ್ಲಿ ಅವರು ಅದನ್ನು ಕೇಳಿರಲಿಲ್ಲ, ಕೇಳುವ ಧೈರ್ಯವಾಗಿರಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡರು.

ತ್ರಿಪದಿಯಲ್ಲಿ ಒಟ್ಟು ಹನ್ನೊಂದು ಗಣಗಳು, ಅವುಗಳಲ್ಲಿ, ಎಂದಿತು ದನಿ. ಆಮೇಲೆ ಟಕಟಕ ಟಕಟಕ. ಉಳಿದವೆಲ್ಲ ವಿಷ್ಣುಗಣ, ಎಂದಿತು.

ಪದ್ಮಶ್ರೀ ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು. ಅದೇ ಟಕಟಕ. ಮುಂದೆ ಹೋದಳು, ಅಲ್ಲೂ ಎರಡು ಕಡೆ ಹಾಗೇ ಹಾರಿತು. ಅವಳ ಮುಖ ಸಣ್ಣದಾಯಿತು. ಬ್ರಹ್ಮಗಣ ಬರುವುದು ಎಷ್ಟನೆಯ ಜಾಗದಲ್ಲಿ ಎಂಬುದು ತನಗೆ ಯಾವಾಗಲೂ ಕಲಸಿಹೋಗುತ್ತದೆ, ಹೋದ ಸಲ ಪರೀಕ್ಷೆಯಲ್ಲಿ ಎಡವಿದ್ದೂ ಇಲ್ಲೇ ಎಂದಳು.

ಬದರೀನಾಥರಿಗೆ ಗೊತ್ತಿತ್ತು. ಓದುವ ಮುಂಚೆ ಅರ್ಥವಾಗುವ ತನಕ ಬಿಡದವರು ಅವರು. ಜಯಾ ಕಡೆ ತಿರುಗಿ ಆರು ಬೆರಳು ಎತ್ತಿದರು, ಆಮೇಲೆ ಹತ್ತೂ ಬೆರಳು. ಜಯಾ ಬೆರಳುಗಳನ್ನು ಸ್ಪಷ್ಟವಾಗಿಯೇ ನೋಡಿದರು. ಬಾಯಿ ತೆರೆಯಲಿಲ್ಲ. ಅವರು ಮತ್ತೊಮ್ಮೆ ತೋರಿಸಿದರು, ಕಣ್ಣಲ್ಲೇ ಗೋಗರೆದರು. ಮೂರು ವರ್ಷ ಅವರ ನೆಗಡಿಯನ್ನು ಊರಿಗೆಲ್ಲ ಹೇಳಿ ಹೇಳಿ ಆ ಹೆಂಗಸಿಗೆ ಸಾಕಾಗಿತ್ತು.

“ಛಂದಸ್ಸು ನಂಗೇನ್ ಗೊತ್ತಾಗುತ್ತೆ. ನೀವೇ ಹೇಳಿ,” ಎಂದರು ಜಯಾ.

ಮೆಟ್ಟಿಲ ಮೇಲೆ ಪಿಳ್ಳಪ್ಪನವರ ಚಪ್ಪಲಿ ಸದ್ದು ಕೇಳಿಸಿತು. ಪದ್ಮಶ್ರೀ ಮುಖವನ್ನು ದನಿ ಬರಬೇಕಾದ ಕಡೆಗೆ ತಿರುಗಿಸಿ ಕಾಯುತ್ತಿದ್ದಳು. ಬದರೀನಾಥರು ಹೆಂಡತಿಯನ್ನು ಆ ಕ್ಷಣಕ್ಕೆ ದ್ವೇಷಿಸಿದರು. ಉಸಿರು ಎಳೆದುಕೊಂಡರು.

“ಆರು,” ಎಂದರು. ಅರ್ಧ ಗಾಳಿ, ಅರ್ಧ ಗೊಗ್ಗರು. “ಮತ್ತೆ ಹತ್ತು. ಆ ಎರಡೂ ಬ್ರಹ್ಮಗಣ.”

ಫೋನಿನ ಮೇಲಿದ್ದ ಪದ್ಮಶ್ರೀಯ ಹೆಬ್ಬೆರಳು ಹಾಗೇ ನಿಂತಿತ್ತು. ಬದರೀನಾಥರು ಕಣ್ಣು ಮುಚ್ಚಿಕೊಂಡರು. ಅಯ್ಯೋ ಸರ್, ಎನ್ನುತ್ತಾಳೆ ಈಗ. ಆ ಅಯ್ಯೋಗೆ ಹೆದರಿಯೇ ಅವರು ಇಷ್ಟು ಕಾಲ ಬಾಯಿ ಕಟ್ಟಿಕೊಂಡಿದ್ದರು.

“ಆರು, ಹತ್ತು,” ಎಂದು ಪದ್ಮಶ್ರೀ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ, “ಇದಕ್ಕಾ ಸರ್ ನೀವು ನನ್ ಫೋನ್ ತಗೊಳ್ತಿರ್ಲಿಲ್ಲ? ನಾನೇನೋ ತಪ್ಪು ಮಾಡಿದೀನಿ, ನಿಮಗೆ ಬೇಜಾರಾಗಿದೆ ಅನ್ಕೊಂಡಿದ್ದೆ. ಮೂರು ವರ್ಷದಿಂದ ಅದೇನು ತಪ್ಪು ಅಂತ ಯೋಚ್ನೆ ಮಾಡ್ತಿದ್ದೆ.”

ತಮ್ಮ ಕಡೆಯಿಂದ ಅಷ್ಟೆಲ್ಲ ಯೋಚಿಸಿದ್ದ ಬದರೀನಾಥರು ಅವಳ ಕಡೆಯಿಂದ ಒಂದು ದಿನವೂ ಯೋಚಿಸಿರಲಿಲ್ಲ. ಬಾಗಿಲಿಗೆ ಬಂದ ಪಿಳ್ಳಪ್ಪ, ಒತ್ತಾಯ್ತು ಕಣಮ್ಮ ಎಂದರು. ಒಂದೈದು ನಿಮಿಷ ನಿಲ್ಲಪ್ಪ, ಸರ್ ಇನ್ನೂ ಪಾಠ ಹೇಳುತ್ತಿದ್ದಾರೆ ಎಂದು ಮಗಳು ಅತ್ತ ತಿರುಗದೆಯೇ ಹೇಳಿದಳು. ಫೋನಿನಲ್ಲಿ ಧ್ವನಿಮುದ್ರಣ ಒತ್ತಿ, ಕೈ ಚಾಚಿ, ಉಸಿರು ಬರುವ ಜಾಗವನ್ನು ಅಂದಾಜಿನಿಂದ ಹುಡುಕಿ, ಅದನ್ನು ಅವರ ಬಾಯಿಯ ಹತ್ತಿರ ತಂದಳು. ಇಷ್ಟು ಹತ್ತಿರ ಸಾಕಾ ಎಂದು ಕೇಳಿದಳು.

“ನಿಂದೇನೂ ತಪ್ಪಿಲ್ಲಮ್ಮ,” ಎಂದರು ಬದರೀನಾಥರು.

ಅದೂ ಮುದ್ರಣವಾಯಿತು. ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಒಂದು ಗುಟುಕು ನೀರು ಕುಡಿದು, ಹಾರಿಹೋದ ಮುಂದಿನ ಸಾಲಿಗೆ ಬಂದರು.